ಪುಸ್ತಕದಲ್ಲಿ ಇಲ್ಲದ ಸಾಲು

ನಮ್ಮ ಮನೆಯ ಜಗಲಿಯ ಮೇಲೆ ಕೂತು ನಾನು ಹನ್ನೊಂದು ವರ್ಷ ಪುಸ್ತಕ ಓದಿದೆ. ನನಗಾಗಿ ಓದಿಕೊಂಡದ್ದಲ್ಲ, ಕೇಳುವವರಿಗಾಗಿ ಗಟ್ಟಿಯಾಗಿ ಓದಿದ್ದು. ಆ ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಾಲನ್ನು, ಪುಸ್ತಕದಲ್ಲಿ ಇಲ್ಲದಿದ್ದರೂ ಇದೆ ಎಂದು ಓದಿದೆ. ಅದರಿಂದ ನಮ್ಮ ಮನೆಯ ಹೆಣ್ಣುಮಗಳೊಬ್ಬಳು ತನಗೆ ಬಹಳ ಇಷ್ಟವಾಗಿದ್ದ ಕೆಲಸವನ್ನು ಬಿಟ್ಟು ಮೂವತ್ತು ವರ್ಷ ಹೊರಗೆ ನಿಂತಳು. ಅದನ್ನು ಹೇಳಿಬಿಡಬೇಕು ಎಂದೇ ಇದನ್ನು ಬರೆಯಲು ಕೂತದ್ದು. ಆದರೆ ಪೆನ್ನು ಹಿಡಿದರೆ ಮೊದಲು ನೆನಪಾಗುವುದು ಆ ತಪ್ಪಲ್ಲ, ಆ ಸಂಜೆಗಳು. ಅವನ್ನು ನೆನೆದರೆ ಈಗಲೂ ಮನಸ್ಸು ಮೆತ್ತಗಾಗುತ್ತದೆ. ಹಾಗಾಗುವುದಕ್ಕೆ ನನಗೆ ಹಕ್ಕಿದೆಯೋ ಇಲ್ಲವೋ ಗೊತ್ತಿಲ್ಲ.

ನಮ್ಮದು ಸಾತನೂರಿನಿಂದ ಒಳಕ್ಕೆ ಹೋಗುವ ದಾರಿಯಲ್ಲಿರುವ ಹಳ್ಳಿ. ಮಳೆ ನಂಬಿದ ರಾಗಿ ಹೊಲ, ಬಾವಿಯ ಕೆಳಗೆ ಒಂದು ಎಕರೆ ಹಿಪ್ಪುನೇರಳೆ, ಮನೆಯ ಹಿಂದೆ ರೇಷ್ಮೆಹುಳ ಸಾಕುವ, ಮಣ್ಣಿನ ಗೋಡೆಯ ಹುಳುಮನೆ. ತಮ್ಮ ಬೇಸಾಯ ನೋಡುತ್ತಿದ್ದ. ನಾನು ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದವನು. ಕೆಲಸ ಸಿಗಲಿಲ್ಲ. ಆದರೂ ಓದಿದವನು ಎಂಬ ಹೆಸರು ಉಳಿಯಿತು. ಆ ಹೆಸರಿನಿಂದಾಗಿ ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರತಿ ಬೆಳೆಗೂ ಹೋಗುತ್ತಿದ್ದೆ. ಬರುವಾಗ ಕನಕಪುರದಲ್ಲಿ ಇಳಿದು ಬಸ್ಸು ಬದಲಾಯಿಸಬೇಕಿತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ ಒಬ್ಬ ಮುದುಕ ನೀಲಿ ಟಾರ್ಪಾಲು ಹಾಸಿ ಹಳೆಯ ಪುಸ್ತಕ ಮಾರುತ್ತಿದ್ದ.

ಅವನು ನನ್ನನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದ. "ಬನ್ನಿ ಗೂಡಿನೋರೆ. ನಿಮ್ ಚೀಲದ ವಾಸ್ನೆ ನಿಮಗಿಂತ ಮುಂಚೆ ಬಂದುಬುಡ್ತದೆ" ಎಂದು ನಗುತ್ತಿದ್ದ. ಪಂಚಾಂಗ ಒಂದು ಕಡೆ, ಪತ್ತೇದಾರಿ ಒಂದು ಕಡೆ, ಅಧ್ಯಾತ್ಮ ಒಂದು ಕಡೆ ಜೋಡಿಸಿ ಇಟ್ಟಿರುತ್ತಿದ್ದ. ನನ್ನ ಕೈ ಹೋಗುತ್ತಿದ್ದುದು ಆ ಮೂರನೆಯ ಸಾಲಿಗೆ. ನಮ್ಮ ಹಳಬರು ಹೊಳೆಯನ್ನು ಏಕೆ ಪೂಜಿಸಿದರು, ಮರ ಕಡಿಯುವ ಮೊದಲು ಏಕೆ ಕ್ಷಮೆ ಕೇಳುತ್ತಿದ್ದರು, ಮಣ್ಣು ನೀರು ಗಾಳಿ ಬೆಂಕಿ ಆಕಾಶ ಎಂಬ ಐದೇ ನಮ್ಮ ಮೈಯೂ ಹೌದು, ಊರೂ ಹೌದು ಎನ್ನುವ ಮಾತಿಗೆ ಏನು ಅರ್ಥ, ಊರಾಚೆ ದೇವರ ಬನ ಎಂದು ಕಾಡನ್ನು ಏಕೆ ಮುಟ್ಟದೆ ಬಿಟ್ಟರು, ಇಂಥವೆಲ್ಲ ಅವುಗಳಲ್ಲಿ ಇರುತ್ತಿದ್ದವು. ಕೆಲವಕ್ಕೆ ರಟ್ಟು ಇರುತ್ತಿರಲಿಲ್ಲ, ಕೆಲವಕ್ಕೆ ಕೊನೆಯ ಪುಟಗಳು. ಯಾರೋ ಮೊದಲು ಓದಿದವರು ಅಲ್ಲಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದಿರುತ್ತಿದ್ದರು. ಆ ಗೆರೆ ಎಳೆದವರು ಯಾರೋ, ಎಂಥವರೋ, ಅವರಿಗೆ ಈ ಮಾತು ಏಕೆ ಹಿಡಿಸಿತೋ ಎಂದು ಯೋಚಿಸುತ್ತಾ, ಗೂಡಿನ ಖಾಲಿ ಚೀಲಗಳನ್ನು ಕಾಲಡಿ ಇಟ್ಟುಕೊಂಡು, ಬಸ್ಸಿನ ಕಂಬಿಗೆ ಒರಗಿ ನಿಂತೇ ಓದುತ್ತಾ ಊರು ಸೇರುತ್ತಿದ್ದೆ. ಸಾತನೂರು ದಾಟಿದ್ದೇ ತಿಳಿಯುತ್ತಿರಲಿಲ್ಲ. ಕಂಡಕ್ಟರೇ ಬೆನ್ನು ತಟ್ಟಿ ಇಳಿಸಬೇಕಿತ್ತು.

ಜಗಲಿಯ ಓದು ಹುಟ್ಟಿದ್ದು ನಮ್ಮವ್ವನಿಂದ. "ಏನ್ಲಾ ಮಗ, ಒಬ್ನೇ ಓದ್ಕಂಡು ಒಬ್ನೇ ತಲೆ ಆಡಿಸ್ತೀಯಲ್ಲ, ಒಸಿ ಗಟ್ಟಿಯಾಗಿ ಓದು, ನಾವೂ ಕೇಳಾನ" ಎಂದಳು ಒಂದು ದಿನ, ಅವರೆಕಾಯಿ ಸುಲಿಯುತ್ತಾ. ಓದಿದೆ. ಮಾರನೆಯ ಸಂಜೆ ಪಕ್ಕದ ಮನೆಯ, ಕುರಿ ಸಾಕುವ ಅಣ್ಣ ಬಂದು ಕೂತ. ಆಮೇಲೆ ಏಳೆಂಟು ಜನರಾದರು. ಹುಳಕ್ಕೆ ಸಂಜೆಯ ಸೊಪ್ಪು ಹಾಕಿ, ದನ ಕಟ್ಟಿ, ದೀಪ ಹಚ್ಚುವ ಹೊತ್ತಿಗೆ ಬಂದು, ಊಟಕ್ಕೆ ಕರೆಯುವವರೆಗೆ ಕೂತಿರುತ್ತಿದ್ದರು.

ಓದು ಸುಮ್ಮನೆ ಸಾಗುತ್ತಿರಲಿಲ್ಲ. ಗಿಡಮರಗಳಿಗೂ ನೋವು ನಲಿವು ಉಂಟು ಎಂದು ನಮ್ಮ ಹಿರಿಯರು ತಿಳಿದಿದ್ದರು ಎಂಬ ಭಾಗ ಬಂದಾಗ ಕುರಿಯಣ್ಣ ನಿಲ್ಲಿಸಿದ.

"ತಡಿಲಾ. ಅಂಗಾದ್ರೆ ನನ್ ಕುರಿ ಮೇಯೋವಾಗ ಗಿಡ ಅಳ್ತದಾ?"

"ಕುರಿ ಮೇದ್ರೆ ಅಳ್ತದೋ ಇಲ್ವೋ, ನೀನು ನಮ್ ಬೇಲಿ ಜಾಲೀನ ಬುಡಮಟ್ಟ ಸವರ್ಕಂಡು ಹೋದೆಯಲ್ಲ, ಆವತ್ತು ಅತ್ತಿತ್ತು" ಎಂದಳು ನಮ್ಮವ್ವ.

"ಅಯ್ಯೋ ಅಕ್ಕ, ಅದನ್ನ ಇನ್ನೂ ಮನ್ಸಲ್ಲಿ ಮಡಿಕ್ಕಂಡಿದ್ದೀಯಾ?"

"ಓದ್ಲಾ ಮಗ ನೀನು. ಇವನ್ ಮಾತ್ ಕಟ್ಕಂಡ್ರೆ ಪುಟ ತಿರುಗಲ್ಲ."

ತಮ್ಮನಿಗೆ ಬೈರಾಪಟ್ಟಣದಿಂದ ಹೆಣ್ಣು ತಂದೆವು. ಮದುವೆಯ ಮಾತಿನ ವೇಳೆಗೆ ಬೀಗರ ಕಿವಿಗೂ ಈ ಓದಿನ ಸುದ್ದಿ ಬಿದ್ದಿತ್ತು. ಹುಡುಗಿಯ ತಂದೆ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಸಾಬರೊಬ್ಬರಿಗೆ ಹೇಳಿ, ಅರಗಿನ ಬಣ್ಣ ಹಾಕಿದ, ಮಡಿಸಿಡಬಹುದಾದ ಪುಸ್ತಕದ ಪೀಠ ಮಾಡಿಸಿ ನನಗೆಂದೇ ಕಳಿಸಿಕೊಟ್ಟರು. ಕೆಂಪು ಹಳದಿ ಪಟ್ಟೆಯ ಕಾಲು ಅದಕ್ಕೆ. ಅಂಥ ಮರ್ಯಾದೆ ನನಗೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ.

ತಮ್ಮನ ಹೆಂಡತಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಮೂರನೇ ಕ್ಲಾಸಿನವರೆಗೆ ಓದಿದ್ದಳು. ಅಕ್ಷರ ಕೂಡಿಸಿ ಕೂಡಿಸಿ ಓದಬಲ್ಲಳು. ಮೊದಲ ವರ್ಷವೆಲ್ಲ ಮಾತಾಡಲಿಲ್ಲ. ಒಂದು ಸಂಜೆ, ಸಣ್ಣ ಜೀವಕ್ಕೂ ನೋವು ಮಾಡಬಾರದು ಎಂಬ ಅಧ್ಯಾಯ ಮುಗಿಸಿ ಪುಸ್ತಕ ಮುಚ್ಚುವಾಗ ಒಳಗಿನಿಂದಲೇ ಕೇಳಿದಳು.

"ಭಾವ, ರೇಷ್ಮೆ ಹುಳದ ವಿಚಾರ ಏನಾರ ಐತಾ ಅದ್ರಲ್ಲಿ?"

"ಇಲ್ಲ ಕಣಮ್ಮ."

"ಅಂಗಾದ್ರೆ ಬರದೋರ್ ಮನೇಲಿ ಹುಳ ಸಾಕ್ತಿರ್ನಿಲ್ಲ ಅನ್ಸ್ತದೆ."

ಕುರಿಯಣ್ಣ ತೊಡೆ ತಟ್ಟಿಕೊಂಡು ನಕ್ಕ. ನಾನೂ ನಕ್ಕೆ. ಆ ಮಾತು ಆಗಲೇ ನನ್ನ ತಲೆಯ ಒಳಗೆ ಇಳಿದಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಹುಳುಮನೆಯಲ್ಲಿ ಅವಳಂಥ ಕೆಲಸಗಾತಿಯನ್ನು ನಾನು ನೋಡಿಲ್ಲ. ತವರಿನಲ್ಲಿ ಹುಳ ಸಾಕಿದವಳಲ್ಲ, ಬಂದ ಮೇಲೆ ಕಲಿತದ್ದು. ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚುತ್ತದೆ. ನಮ್ಮ ಕಡೆ ಅದನ್ನು ಜ್ವರ ಎನ್ನುತ್ತೇವೆ. ಹುಳ ಯಾವ ಹೊತ್ತಿಗೆ ಜ್ವರಕ್ಕೆ ಕೂರುತ್ತದೆ, ಯಾವ ಹೊತ್ತಿಗೆ ಏಳುತ್ತದೆ ಎಂದು ಅವಳು ಹುಳ ಹರಡಿದ ಬಿದಿರು ತಟ್ಟೆ ನೋಡಿದೊಡನೆ ಹೇಳುತ್ತಿದ್ದಳು. ಕಣ್ಣು ಮುಚ್ಚಿ ನಿಂತು, ಹುಳ ಎಲೆ ತಿನ್ನುವ ಸದ್ದು ಕೇಳಿ, "ಬಾಗಿಲ ಕಡೆ ತಟ್ಟೆಗೆ ಸೊಪ್ಪು ಸಾಲ್ದು" ಎನ್ನುತ್ತಿದ್ದಳು. ನಮ್ಮವ್ವ ಬಾಯಿಬಿಟ್ಟು ಹೊಗಳಿದವಳಲ್ಲ. ಆದರೂ ಒಮ್ಮೆ ನನ್ನ ಹತ್ತಿರ, "ಇವಳ ಕೈಲಿ ಹುಳ ಮಾತು ಕೇಳ್ತವೆ ಕಣ್ಲಾ" ಎಂದಿದ್ದಳು.

ಹೆಂಗಸರು ಹೊರಗಾದ ಮೂರು ದಿನ ಹುಳುಮನೆಗೆ ಹೋಗಬಾರದು ಎಂಬುದನ್ನು ಕೆಲವು ಮನೆಗಳಲ್ಲಿ ಪಾಲಿಸುತ್ತಿದ್ದರು, ಕೆಲವು ಮನೆಗಳಲ್ಲಿ ಇಲ್ಲ. ನಮ್ಮ ಮನೆಯಲ್ಲಿ ದೇವರ ಮನೆಗೆ ಹೋಗುತ್ತಿರಲಿಲ್ಲ, ಅಷ್ಟೆ. ಹುಳ ದೊಡ್ಡದಾಗಿ ದಿನಕ್ಕೆ ಐದು ಸಲ ಸೊಪ್ಪು ಕೇಳುವಾಗ ಅದನ್ನೆಲ್ಲ ನೋಡುತ್ತಾ ಕೂತರೆ ಯಾರು ಹಾಕಬೇಕು ಎಂದು ನಮ್ಮವ್ವನೇ ಬಿಟ್ಟುಬಿಟ್ಟಿದ್ದಳು.

ಆ ವರ್ಷ ಮಳೆಗಾಲದಲ್ಲಿ ಸುತ್ತಿನ ಹಳ್ಳಿಗಳಲ್ಲಿ ಹುಳಕ್ಕೆ ರೋಗ ಬಂತು. ಹುಳ ಬೆಳ್ಳಗೆ ಊದಿ, ಒಡೆದು, ಹಾಲಿನಂಥ ನೀರು ಬಿಟ್ಟು ಸಾಯುತ್ತಿತ್ತು. ನಮ್ಮದು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಇನ್ನು ನಾಲ್ಕು ದಿನದಲ್ಲಿ ಹಣ್ಣಾಗಿ ಗೂಡು ಕಟ್ಟಬೇಕು. ಮನೆಯವರೆಲ್ಲ ಉಸಿರು ಬಿಗಿಹಿಡಿದಿದ್ದೆವು. ನನ್ನ ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅವಳು ಇದ್ದಿದ್ದರೆ ನನ್ನನ್ನು ತಡೆಯುತ್ತಿದ್ದಳೋ ಏನೋ.

ಹಿಂದಿನ ಬೆಳೆಯಲ್ಲಿ ಕನಕಪುರದಿಂದ ತಂದ ಪುಸ್ತಕವೊಂದು ನನ್ನ ಹತ್ತಿರ ಇತ್ತು. ಪ್ರಾಚೀನರ ಪರಿಸರ ಜ್ಞಾನದ ಮೇಲೆ ಬರೆದದ್ದು. ಅದರಲ್ಲಿ ಹೋಮದ ಹೊಗೆ ಗಾಳಿಯನ್ನು ಶುದ್ಧಿ ಮಾಡುತ್ತದೆ, ಹಸುವಿನ ಬೆರಣಿ, ತುಪ್ಪ, ಬೇವು ಸೇರಿಸಿ ಸುಟ್ಟರೆ ಕಣ್ಣಿಗೆ ಕಾಣದ ರೋಗಾಣುಗಳು ನಾಶವಾಗುತ್ತವೆ ಎಂದಿತ್ತು. ಅದನ್ನು ಜಗಲಿಯಲ್ಲಿ ಓದಿಯೂ ಇದ್ದೆ. ಎಲ್ಲರೂ ಹೌದು ಹೌದು ಎಂದಿದ್ದರು. ಊರಿಗೆ ಊರೇ ಹುಳ ಕಳೆದುಕೊಳ್ಳುವಾಗ ನಮ್ಮ ಮನೆಯ ಹುಳ ಮಾತ್ರ ಉಳಿದರೆ, ಸಂಜೆ ಪೀಠದ ಮುಂದೆ ಕೂತು, ಹೇಗೆ ಉಳಿಯಿತು ಗೊತ್ತೇ ಎಂದು ಪುಸ್ತಕ ತೆರೆದು ತೋರಿಸಬಹುದು ಎಂದು ನನಗೆ ಅನ್ನಿಸಿತು. ಹುಳದ ಚಿಂತೆಗಿಂತ ಆ ಸಂಜೆಯ ಆಸೆಯೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ತಮ್ಮನಿಗೆ ಹೇಳಿದರೆ ಬೇಡ ಎನ್ನುತ್ತಾನೆ ಎಂದು ಗೊತ್ತಿತ್ತು. ಆದ್ದರಿಂದ ಹೇಳಲಿಲ್ಲ.

ಬೆಳಿಗ್ಗೆ ಎಲ್ಲರೂ ಸೊಪ್ಪು ಕೊಯ್ಯಲು ಹೋಗಿದ್ದರು. ಒಡೆದ ಹೆಂಚಿನ ಮೇಲೆ ಬೆರಣಿಯ ಕೆಂಡ ಇಟ್ಟು, ಎರಡು ಚಮಚ ತುಪ್ಪ ಬಿಟ್ಟು, ಒಂದು ಹಿಡಿ ಬೇವಿನ ಸೊಪ್ಪು, ಚೂರು ಸಾಂಬ್ರಾಣಿ ಹಾಕಿ, ಹುಳುಮನೆಯ ನಡುವೆ ಇಟ್ಟೆ. ಹೊಗೆ ಹೊರಗೆ ಹೋಗದಿರಲಿ ಎಂದು ಕಿಟಕಿಗೆ ಗೋಣಿ ಇಳಿಬಿಟ್ಟು ಬಾಗಿಲು ಎಳೆದುಕೊಂಡು ಬಂದೆ. ಹುಳುಮನೆಯಲ್ಲಿ ಬೀಡಿ ಸೇದಬಾರದು, ಊದುಬತ್ತಿ ಹಚ್ಚಬಾರದು, ಒಗ್ಗರಣೆಯ ಘಾಟೂ ಹೋಗಬಾರದು ಎಂಬುದು ಹುಳ ಸಾಕುವವರ ಮನೆಯ ಕೂಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅದು ಬರಿಯ ಹೊಗೆ, ಇದು ಹೋಮದ ಹೊಗೆ ಎಂದುಕೊಂಡೆ. ಪುಸ್ತಕದಲ್ಲಿ ಮನೆಯ ಗಾಳಿ ಎಂದಿತ್ತು. ಹುಳುಮನೆಯ ಗಾಳಿ ಎಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೋಗಿ ಗೋಣಿ ತೆಗೆದು, ವಾಸನೆ ಹೋಗುವವರೆಗೆ ಬಾಗಿಲು ತೆರೆದಿಟ್ಟೆ. ಹೆಂಚನ್ನು ತಿಪ್ಪೆಗೆ ಎಸೆದು ಮೇಲೆ ಕಸ ಎಳೆದೆ. ಹುಳ ಚೆನ್ನಾಗಿಯೇ ಇದ್ದಂತೆ ಕಂಡವು. ಆಮೇಲೆ ತಮ್ಮನ ಹೆಂಡತಿ ಸೊಪ್ಪಿನ ಹೊರೆ ತಂದು, ಕತ್ತರಿಸಿ ಹಾಕಿದಳು. ಅರ್ಧದಷ್ಟು ತಟ್ಟೆಗಳಿಗೆ ಹಾಕುವಷ್ಟರಲ್ಲಿ ಹೊರಗೆ ಬಂದು ನಮ್ಮವ್ವನ ಹತ್ತಿರ ತಗ್ಗಿದ ದನಿಯಲ್ಲಿ, "ಅತ್ತೆ, ನಾನು ಹೊರಗಾದೆ. ಮಿಕ್ಕಿದ್ದು ನೀವೇ ಹಾಕಿ" ಎಂದಳು. ನಮ್ಮವ್ವ, "ಅರ್ಧ ಹಾಕಿದ್ದೀಯ, ಇನ್ನರ್ಧ ಹಾಕಿ ಬಾ, ನನ್ ಮೊಣಕಾಲು ಎತ್ತಾಕಾಗಕಿಲ್ಲ" ಎಂದಳು. ಅವಳು ಹೋಗಿ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಹುಳ ಸೊಪ್ಪು ಮುಟ್ಟಲಿಲ್ಲ. ತಲೆ ಎತ್ತಿ ಅತ್ತಿತ್ತ ತೂಗಿದವು. ಬಾಯಿಂದ ಹಸಿರು ರಸ ಕಾರಿದವು. ಮೈ ಕುಗ್ಗಿ ಮುದುರಿದವು. ಸಂಜೆಗೆ ಹುಳುಮನೆ ನಿಶ್ಶಬ್ದವಾಯಿತು. ಆ ಮನೆಯಲ್ಲಿ ಎಲೆ ತಿನ್ನುವ ಸದ್ದು ಜ್ವರದ ಹೊತ್ತಲ್ಲದ ಹೊತ್ತಿನಲ್ಲಿ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ತಮ್ಮ ಸೈಕಲ್ಲಿನಲ್ಲಿ ಹೋಗಿ ರೇಷ್ಮೆ ಇಲಾಖೆಯವರೊಬ್ಬರನ್ನು ಕರೆತಂದ. ಅವರು ನಾಲ್ಕು ಹುಳ ಕೈಮೇಲೆ ಇಟ್ಟು ತಿರುಗಿಸಿ ನೋಡಿದರು.

"ಇದು ಊರಲ್ಲಿ ಬಂದಿರೋ ರೋಗ ಅಲ್ಲ ರೀ. ವಿಷ ತಗುಲಿದಂಗಿದೆ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದ್ರಾ?"

"ಇಲ್ಲ ಸಾರ್" ಎಂದ ತಮ್ಮ.

"ಹೊಗೆ ಗಿಗೆ ಏನಾದ್ರೂ ಹಾಕಿದ್ರಾ ಒಳಗೆ?"

ತಮ್ಮ ನನ್ನ ಕಡೆ ನೋಡಿದ, ಅನುಮಾನದಿಂದಲ್ಲ, ದೊಡ್ಡವನು ಉತ್ತರ ಕೊಡಲಿ ಎಂದು.

"ಇಲ್ಲ ಸಾರ್" ಎಂದೆ.

ಅವರು ತಲೆ ಕೆರೆದುಕೊಂಡು, ಸತ್ತ ಹುಳ ಹೂಳಿಸಿ ಸುಣ್ಣ ಹಾಕಿ ಎಂದು ಹೇಳಿ ಹೋದರು. ಅವರು ಹೋದ ಮೇಲೆ ನಮ್ಮವ್ವ ಜಗಲಿಯಲ್ಲಿ ಕುಸಿದು ಕೂತಳು. ನೆರೆಯವರು ಸಾವಿನ ಮನೆಗೆ ಬಂದಂತೆ ಬಂದರು. ಯಾರೋ ಒಬ್ಬ ಹೆಂಗಸು ಕೇಳಿದಳು, ನಿನ್ನೆ ಒಳಗೆ ಯಾರು ಹೋಗಿದ್ದರು ಎಂದು. ನಮ್ಮವ್ವ ತಟ್ಟನೆ ತಲೆ ಎತ್ತಿ ಸೊಸೆಯನ್ನು ನೋಡಿದಳು. ತಾನೇ ಹೋಗಿ ಹಾಕು ಎಂದದ್ದು ಅವಳಿಗೆ ನೆನಪಿತ್ತು. ಆ ನೆನಪನ್ನು ತಾಳಿಕೊಳ್ಳಲಾಗದೆ ಅವಳು ಇನ್ನಷ್ಟು ಗಟ್ಟಿಯಾಗಿ ಕೂಗಿದಳು ಎಂದು ನನಗೆ ಈಗ ಅನ್ನಿಸುತ್ತದೆ.

"ಹೊರಗಾಗಿ ಒಳಕ್ ಹೋಗಿದ್ಲು. ನಾನೇ ಬುಟ್ಟೆ. ನಂದೂ ತಪ್ಪು. ಲೇ ಮಗ, ನಿನ್ ಪುಸ್ತಕದಲ್ಲಿ ಏನ್ ಐತೋ ತೆಗ್ದು ಹೇಳು. ಐತಾ ಇಲ್ವಾ?"

ಎಲ್ಲರೂ ನನ್ನ ಮುಖ ನೋಡಿದರು. ತಮ್ಮನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ಪುಸ್ತಕದಲ್ಲಿ ಹಾಗೇನೂ ಇರಲಾರದು, ಭಾವ ಓದಿ ನನ್ನನ್ನು ಬಿಡಿಸುತ್ತಾನೆ ಎಂಬ ನಂಬಿಕೆ ಇತ್ತು.

ನಾನು ಒಳಗೆ ಹೋಗಿ ಪೀಠ ತಂದಿಟ್ಟು, ಅದೇ ಪುಸ್ತಕ ತೆರೆದೆ. ತೆರೆದ ಪುಟದಲ್ಲಿ ಕೆರೆಯ ಏರಿಯ ಮೇಲೆ ಯಾವ ಮರ ನೆಡಬೇಕು ಎಂಬ ವಿಷಯ ಇತ್ತು. ಅದರ ಮೇಲೆ ಬೆರಳು ಓಡಿಸುತ್ತಾ, ಪುಸ್ತಕದ ರಾಗದಲ್ಲೇ, ಹೊರಗಾದ ಹೆಂಗಸಿನ ನೆರಳು ಬಿದ್ದ ಎಳೆಯ ಜೀವ ಉಳಿಯುವುದಿಲ್ಲ ಎಂದು ಓದಿದೆ.

ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಕುರಿಯಣ್ಣ ಕೈಮುಗಿದ. ಅವನು ಪೀಠಕ್ಕೆ ಮುಗಿದದ್ದು.

ಅವಳು ಎರಡು ದಿನ ಬಿಟ್ಟು, ನಾನು ಒಬ್ಬನೇ ಇದ್ದಾಗ ಬಂದಳು. "ಭಾವ, ಆ ಪುಟ ಒಸಿ ತೋರ್ಸಿ. ನಾನೇ ಕೂಡ್ಸಿ ಓದ್ಕತೀನಿ" ಎಂದಳು. "ಈಗ ಪುಸ್ತಕ ಮುಟ್ಟಬಾರದು ಕಣಮ್ಮ ನೀನು, ಸ್ನಾನ ಆಗ್ಲಿ" ಎಂದೆ. ಸ್ನಾನ ಆದ ಮೇಲೆ ಅವಳು ಕೇಳಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆನೋ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದೆ.

ಮುಂದಿನ ಬೆಳೆಯಿಂದ ನಮ್ಮವ್ವ ಅವಳನ್ನು ಮೂರು ದಿನ ಮಾತ್ರವಲ್ಲ, ಪೂರ್ತಿ ಹುಳುಮನೆಯಿಂದ ದೂರ ಇಟ್ಟಳು. ತಮ್ಮ ಒಂದು ತಿಂಗಳು ಅವಳೊಡನೆ ಮಾತಾಡಲಿಲ್ಲ. ಅವಳ ಕೆಲಸ ಸೊಪ್ಪು ಕೊಯ್ದು ಬಾಗಿಲವರೆಗೆ ತಂದು ಹಾಕುವುದು, ಅಷ್ಟೆ. ಹೊರೆ ಇಳಿಸಿ, ಹೊಸ್ತಿಲಿನ ಆಚೆ ಅರೆಗಳಿಗೆ ನಿಲ್ಲುತ್ತಿದ್ದಳು. ಹುಳ ಎಲೆ ತಿನ್ನುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಆಮೇಲೆ ಹೊಲಕ್ಕೆ ಹೋಗುತ್ತಿದ್ದಳು. ನಾನು ಓದಿದ ಸಾಲು ಊರಿನಲ್ಲಿ ಹರಡಿತು. ಮೊದಲು ಪಾಲಿಸದಿದ್ದ ಮನೆಗಳವರೂ ಪಾಲಿಸಲು ತೊಡಗಿದರು. ಪುಸ್ತಕದಲ್ಲೇ ಐತಂತೆ ಎನ್ನುತ್ತಿದ್ದರು.

ಜಗಲಿಯ ಓದು ಇನ್ನೂ ಎರಡು ವರ್ಷ ನಡೆಯಿತು. ನಾನೇ ನಿಲ್ಲಿಸಿದೆ. ಕಣ್ಣು ಸರಿಯಿಲ್ಲ ಎಂದು ಹೇಳಿದೆ. ಆಗ ನನ್ನ ಕಣ್ಣು ಚೆನ್ನಾಗಿತ್ತು. ನನ್ನ ಹೆಂಡತಿ ಒಮ್ಮೆ ಕೇಳಿದಳು, ಯಾಕೆ ಬಿಟ್ಟಿರಿ ಎಂದು. ಅವಳಿಗೂ ಹೇಳಲಿಲ್ಲ. ಹೇಳದೆಯೇ ಅವಳನ್ನು ಮಣ್ಣಿಗೆ ಕಳಿಸಿಕೊಟ್ಟೆ. ನಮ್ಮವ್ವ ಹೋದಳು. ತಮ್ಮ ಹೋಗಿ ಐದು ವರ್ಷವಾಯಿತು. ಒಬ್ಬೊಬ್ಬರು ಹೋದಾಗಲೂ, ದುಃಖದ ಅಡಿಯಲ್ಲಿ, ಗೊತ್ತಾಗಬೇಕಾದವರು ಒಬ್ಬರು ಕಡಿಮೆಯಾದರು ಎಂಬ ನೀಚ ಸಮಾಧಾನವೂ ನನಗೆ ಆಗುತ್ತಿತ್ತು.

ಪುಸ್ತಕಗಳ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಳ್ಳಲು ನೋಡಿದ್ದೂ ಉಂಟು. ಆ ಪುಸ್ತಕ ತರದಿದ್ದರೆ ಹೊಗೆ ಹಾಕುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ. ಆದರೆ ಅದೇ ಪುಸ್ತಕಗಳು ಪುಟಪುಟದಲ್ಲೂ, ಸುತ್ತಿನ ಜೀವವನ್ನು ನೋಡಿ ನಡೆ ಎಂದೇ ಹೇಳಿದ್ದವು. ಹುಳವನ್ನು ನೋಡಿದ್ದವಳು ಬಾಗಿಲ ಹಿಂದಿನಿಂದ ಒಂದು ಮಾತು ಕೇಳಿದ ಹುಡುಗಿ. ನಾನು ನೋಡಿದ್ದು ಪುಟವನ್ನು ಮಾತ್ರ.

ಈ ವರ್ಷ ಬೇಸಿಗೆಯ ಕೊನೆಯಲ್ಲಿ ತಮ್ಮನ ಸೊಸೆ ನನ್ನ ಹತ್ತಿರ ಬಂದಳು. ಪಿಯುಸಿ ಓದಿದವಳು, ಚುರುಕು. ಈಗ ನಮ್ಮ ಹುಳುಮನೆ ಸಿಮೆಂಟಿನದು, ಕಡ್ಡಿಸಮೇತ ಸೊಪ್ಪು ಹಾಕುವ ಅಂತಸ್ತುಗಳಿವೆ. ಅದನ್ನೆಲ್ಲ ನೋಡಿಕೊಳ್ಳುವುದು ಅವಳೇ. ಗಂಡ ಟೆಂಪೋ ಓಡಿಸುತ್ತಾನೆ, ಅವಳು ಹೊರಗಾದ ಮೂರು ದಿನ ಮಾತ್ರ ಹುಳಕ್ಕೆ ಸೊಪ್ಪು ಹಾಕುತ್ತಾನೆ.

"ದೊಡ್ಮಾವ, ಚಾಕಿ ಟ್ರೈನಿಂಗ್ ಕೊಡ್ತಾರಂತೆ. ಮರಿ ಹುಳ ಸಾಕಿ ಬೇರೆಯೋರಿಗೆ ಕೊಡೋದು. ನಾನೇ ಸೆಂಟ್ರು ಮಾಡ್ಬೌದು. ಆದ್ರೆ ದಿನಾ ಒಳಗಿರಬೇಕು, ಮೂರು ದಿನ ಬುಟ್ಟು ಕೂತ್ರೆ ಆಗಲ್ಲ. ಅತ್ತೆ ಒಪ್ತಾನೇ ಇಲ್ಲ. ಶಾಸ್ತ್ರದಲ್ಲಿ ಐತೆ, ನಿಮ್ ದೊಡ್ಮಾವನೇ ಓದವ್ರೆ ಅಂತಾರೆ. ಯಾವ್ ಪುಸ್ತಕ ಅದು? ಒಸಿ ಕೊಡಿ, ನಾನೂ ನೋಡ್ತೀನಿ. ನಾಳಿದ್ದು ಹೆಸರು ಕೊಡಾಕೆ ಕೊನೆ ದಿನ."

ಹುಡುಕಿ ಕೊಡುತ್ತೇನೆ ಎಂದೆ. ಅಂದಿನ ಹುಡುಗಿಯೇ ಇಂದು ಅತ್ತೆಯಾಗಿ, ನನ್ನ ಸುಳ್ಳನ್ನು ಕಾಯುತ್ತಾ ಬಾಗಿಲಿಗೆ ಅಡ್ಡ ನಿಂತಿದ್ದಳು.

ಹಿಪ್ಪುನೇರಳೆ ತೋಟಕ್ಕೆ ಹೋದೆ. ತಮ್ಮನ ಹೆಂಡತಿ ಸಾಲಿನ ನಡುವೆ ಕಳೆ ಕೀಳುತ್ತಿದ್ದಳು. ತಲೆ ನರೆತಿದೆ ಅವಳದೂ.

"ಏನ್ ಭಾವ, ಬಿಸ್ಲಲ್ಲಿ ಬಂದ್ರಿ?"

ನಿಂತೇ ಹೇಳಿದೆ. ಹೆಂಚು, ಬೆರಣಿ, ಬೇವು, ಗೋಣಿ, ತಿಪ್ಪೆ. ಇಲಾಖೆಯವರಿಗೆ ಹೇಳಿದ ಸುಳ್ಳು. ಕೆರೆ ಏರಿಯ ಮರದ ಪುಟ. ಅವಳು ಕುಡುಗೋಲು ಹಿಡಿದು ಕುಕ್ಕರಗಾಲಿನಲ್ಲಿ ಕೂತೇ ಕೇಳಿದಳು.

"ನಾನು ಕೊಂದೆ ಅಂತ್ಲೇ ಇದ್ದೆ ಭಾವ" ಎಂದಳು ಆಮೇಲೆ. "ಅಷ್ಟೊಂದು ಜೀವ. ಹಣ್ಣಾಗಾಕೆ ನಾಕು ದಿನ ಇತ್ತು. ಆವತ್ತಿಂದ ಮೈಮೇಲೆ ರೇಷ್ಮೆ ಹಾಕಿಲ್ಲ ನಾನು. ಗೊತ್ತಾ ನಿಮ್ಗೆ?"

ಗೊತ್ತಿರಲಿಲ್ಲ. ಮಗನ ಮದುವೆಯಲ್ಲಿ ಅವಳು ನೂಲಿನ ಸೀರೆ ಉಟ್ಟು ನಿಂತಾಗ, ಗೂಡು ಬೆಳೆಯುವವರ ಮನೆಯಲ್ಲಿ ಇದೆಂಥ ಜಿಪುಣತನ ಎಂದು ನಾನೇ ತಮಾಷೆ ಮಾಡಿದ್ದೆ.

"ತಪ್ಪಾಯ್ತು ಕಣಮ್ಮ" ಎಂದೆ. ಕೈಮುಗಿಯಲು ಹೋದೆ.

"ಕೈ ಇಳ್ಸಿ. ದೊಡ್ಡೋರು ನೀವು, ನಂಗೆ ಮುಗಿಯಾದು ಬ್ಯಾಡ." ದನಿ ಒರಟಾಗಿತ್ತು. "ಇಲ್ಲಿ ತ್ವಾಟದಲ್ಲಿ ನಂಗೊಬ್ಳಿಗೆ ಹೇಳಿದ್ರೆ ಏನ್ ಬಂತು? ಆವತ್ತು ಎಲ್ಲಿ ಕೂತು ಓದಿದ್ರಿ? ಅಲ್ಲೇ ಕೂತು ಹೇಳಿ. ನಮ್ ಹುಡುಗಿ ಕೇಳ್ಲಿ. ಊರೋರು ಕೇಳ್ಲಿ. ಇವತ್ತೇ ಹೇಳಿ."

ಅಂದು ಸಂಜೆ ಜಗಲಿಯಲ್ಲಿ ಕೂತೆ. ಅಂದಿನ ಕೇಳುಗರಲ್ಲಿ ಉಳಿದವನು ಕುರಿಯಣ್ಣ ಒಬ್ಬನೇ. ಎಂಬತ್ತರ ಹತ್ತಿರದವನು, ಕೋಲು ಊರಿ ಬಂದ. ಪಕ್ಕದ ಮನೆಗಳ ನಾಲ್ಕೈದು ಹೆಂಗಸರು ಬಂದರು. ತಮ್ಮನ ಸೊಸೆ ಅಂಗಳದಲ್ಲಿ ನಿಂತಳು. ಅಂದು ಅವಳಿಗೆ ಹೊರಗಾದ ಎರಡನೇ ದಿನ. ಆದ್ದರಿಂದ ಜಗಲಿಯನ್ನೂ ಹತ್ತಿರಲಿಲ್ಲ.

ಓದಲು ಏನೂ ಇರಲಿಲ್ಲ. ಬಾಯಲ್ಲೇ ಹೇಳಿದೆ. ತೋಟದಲ್ಲಿ ಹೇಳಿದಷ್ಟು ಸಲೀಸಾಗಿ ಬರಲಿಲ್ಲ. ಎರಡು ಸಲ ನಿಂತೆ. ಬಾಗಿಲ ಬಳಿ ನಿಂತಿದ್ದ ತಮ್ಮನ ಹೆಂಡತಿ, "ಹೆಂಚು ಎಲ್ಲಿಗ್ ಎಸೆದ್ರಿ, ಅದನ್ನೂ ಹೇಳಿ" ಎಂದಳು. ಅದನ್ನೂ ಹೇಳಿದೆ.

ಕುರಿಯಣ್ಣ ಕೋಲಿನ ಮೇಲೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದ.

"ಅಂಗಾದ್ರೆ ಉಳಿದದ್ದು? ಹೊಳೆ ವಿಚಾರ, ಮರದ್ ವಿಚಾರ, ಅದೆಲ್ಲ ಇತ್ತೇನ್ಲಾ ಪುಸ್ತಕದಲ್ಲಿ, ಇಲ್ಲ ಅದ್ನೂ ನೀನೇ ಕಟ್ಟಿದ್ದಾ?"

"ಇತ್ತು ಕಣಣ್ಣ. ಅದೆಲ್ಲ ಇತ್ತು. ಇದೊಂದೇ ಇರ್ಲಿಲ್ಲ."

"ಎಂಗ್ಲಾ ನಂಬಾದು ಈಗ? ಬೇಲಿ ಜಾಲಿ ಸವರಾದ್ನೇ ಬುಟ್ಬುಟ್ಟಿದ್ದೆ ನಾನು, ನಿನ್ ಮಾತ್ ಕೇಳ್ಕಂಡು."

ಮೂವತ್ತು ವರ್ಷ ನಾನು ಹೆದರಿದ್ದು ಇದೇ ಪ್ರಶ್ನೆಗೆ. ಆ ಸಂಜೆಗಳೆಲ್ಲ ಸುಳ್ಳಿನ ಪಟ್ಟಿಗೆ ಸೇರಿಬಿಡುತ್ತವೆ ಎಂದು. ಅವನು ಹಾಗೆ ಸೇರಿಸಿದರೂ ತಪ್ಪೆನ್ನಲು ನನಗೆ ಬಾಯಿಲ್ಲ.

ಅಷ್ಟರಲ್ಲಿ ತಮ್ಮನ ಹೆಂಡತಿ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು. "ಸೊಪ್ಪು ಹಾಕೋ ಹೊತ್ತು ಮೀರ್ತಾ ಐತೆ. ನೀವಿಬ್ರೂ ಕೂತು ಜಗಳ ಆಡಿ" ಎಂದು, ತೊಟ್ಟಿಯ ಬಳಿ ಕಾಲು ತೊಳೆದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರ ಹುಳುಮನೆಯ ಒಳಗೆ ಹೋದಳು. ಸೊಸೆ ಇದ್ದಲ್ಲೇ ನಿಂತಿದ್ದಳು. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಆ ಬಾಗಿಲನ್ನು.

ಒಳಗಿನಿಂದ ಅತ್ತೆಯ ದನಿ ಬಂತು.

"ಏಯ್, ನಿಂತ್ಕಂಡ್ ಏನ್ ಮಾಡ್ತಿದ್ದೀಯೇ ಅಲ್ಲಿ? ಎಲ್ಲಾ ನಾನೊಬ್ಳೇ ಹಾಕ್ಲಾ? ಈ ಹೊರೆಗೆ ಒಂದ್ ಕೈ ಕೊಡು ಬಾ. ನಾಳೆ ಹೋಗಿ ನಿನ್ ಹೆಸ್ರು ಕೊಟ್ ಬರಾನ."

ಹುಡುಗಿ ತೊಟ್ಟಿಯ ಕಡೆಗೆ ಓಡಿದಳು.